ಎರಡು ಮೀಟರ್ ದೂರ

ಅಕ್ಕನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸುಸ್ತಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ನಾನು ಲಿಫ್ಟ್ ಮೆಕ್ಯಾನಿಕ್. ನನ್ನ ಕೆಲಸ ಹೇಳಿ ಮುಗಿಸುವುದಕ್ಕೆ ಅರ್ಧ ನಿಮಿಷ ಸಾಕು. ಲಿಫ್ಟ್ ಕೆಡುತ್ತದೆ, ನಾನು ಹೋಗುತ್ತೇನೆ, ಸರಿ ಮಾಡುತ್ತೇನೆ, ಜನ ಮೇಲೆ ಹೋಗುತ್ತಾರೆ. ಅಕ್ಕನ ಕೆಲಸ ಹೇಳಬೇಕಾದರೆ ಸೂರ್ಯನಿಂದ ಶುರು ಮಾಡಬೇಕು. ಅಷ್ಟು ಹೊತ್ತಿಗೆ ಕೇಳಿದವರು ಫೋನ್ ನೋಡಲು ಶುರು ಮಾಡಿರುತ್ತಾರೆ.

ಆದರೂ ಹೇಳುತ್ತೇನೆ. ಹೇಳದಿದ್ದರೆ ನಾನು ಅವಳಿಗೆ ಮಾಡಿದ್ದು ಏನೆಂದು ನಿಮಗೆ ಗೊತ್ತಾಗುವುದಿಲ್ಲ.

ನ್ಯೂಟ್ರಿನೊ ಎಂಬ ಕಣವೊಂದಿದೆಯಂತೆ. ಸೂರ್ಯನಿಂದ ಬರುತ್ತದೆ. ನಮ್ಮ ಮೈ, ಈ ಗೋಡೆ, ಇಡೀ ಭೂಮಿ, ಎಲ್ಲದರೊಳಗಿಂದಲೂ ಹೇಳದೆ ಕೇಳದೆ ಹಾದುಹೋಗುತ್ತದೆ. ಕೋಟಿ ಕೋಟಿಯಲ್ಲಿ ಎಲ್ಲೋ ಒಂದು ಸಿಕ್ಕಿಹಾಕಿಕೊಂಡರೆ ಒಂದಿಷ್ಟು ಬೆಳಕು ಬಿಟ್ಟುಹೋಗುತ್ತದೆ. ಆ ಬೆಳಕನ್ನು ಹಿಡಿಯಲು ಮುಚ್ಚಿಹೋದ ಒಂದು ಗಣಿಯ ತಳದಲ್ಲಿ, ಒಂದು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮೂರು ಮಹಡಿ ಎತ್ತರದ ತೊಟ್ಟಿ ಕಟ್ಟುತ್ತಿದ್ದರು. ಅಕ್ಕ ತೊಟ್ಟಿ ಕಟ್ಟುವವಳಲ್ಲ, ಕಣ ಹಿಡಿಯುವವಳೂ ಅಲ್ಲ. ತೊಟ್ಟಿಯೊಳಗೆ ಹೋಗುವ ಪ್ರತಿಯೊಂದು ಸ್ಕ್ರೂ, ವೈರು, ಅಂಟು, ರಬ್ಬರು ಎಷ್ಟು ಕೊಳಕಾಗಿದೆ ಎಂದು ಅಳೆಯುವುದು ಅವಳ ಕೆಲಸ. ಈ ಕೊಳಕು ಕಣ್ಣಿಗೆ ಕಾಣುವಂಥದ್ದಲ್ಲ. ಭೂಮಿಯ ಮೇಲಿನ ಎಲ್ಲ ವಸ್ತುವಿನಲ್ಲೂ ಒಂಚೂರು ವಿಕಿರಣ ಇದ್ದೇ ಇರುತ್ತದೆ, ಆ ಚೂರೇ ತೊಟ್ಟಿಯೊಳಗೆ ನ್ಯೂಟ್ರಿನೊದ ವೇಷ ಹಾಕಿಕೊಂಡು ಎಲ್ಲರನ್ನೂ ಮಂಗ ಮಾಡಿಬಿಡುತ್ತದೆ. ಹಾಗಾಗಿ ಯಾವ ವಸ್ತು ಒಳಗೆ ಹೋಗಬಹುದು, ಯಾವುದು ಕೂಡದು ಎಂದು ಹೇಳಲು ಒಬ್ಬರು ಬೇಕು. ಆ ಒಬ್ಬರು ನಮ್ಮಕ್ಕ.

"ಇಷ್ಟು ಓದಿ ಕೊನೆಗೆ ಪಾತ್ರೆ ತೊಳೆಯೋ ಕೆಲಸಕ್ಕೆ ಸೇರ್ಕೊಂಡ್ಳು," ಎನ್ನುತ್ತಿದ್ದಳು ಅಮ್ಮ, ಬಂದವರೆದುರಿಗೆ. ಅದರಲ್ಲಿ ಅರ್ಧ ತಮಾಷೆ, ಅರ್ಧ ಹೆಮ್ಮೆ. ಅಕ್ಕ ನಗುತ್ತಿದ್ದಳು. ಅವಳ ದಿನದ ಅರ್ಧ ನಿಜವಾಗಿಯೂ ತೊಳೆಯುವುದರಲ್ಲೇ ಹೋಗುತ್ತಿತ್ತು.

ಒಂದು ಸಲ ಮನೆಯವರಿಗೆಲ್ಲ ನೋಡಲು ಬಿಟ್ಟಾಗ ನಾನೂ ಕೆಳಗೆ ಹೋಗಿ ಬಂದಿದ್ದೇನೆ. ಗಣಿಯ ಲಿಫ್ಟ್ ನೋಡಿ ನನಗೆ ಅಳು ಬಂತು, ಅಷ್ಟು ಹಳೆಯದು. ಕೆಳಗೆ ಇಳಿದ ಮೇಲೆ ಬೂಟು ತೊಳೆಯಬೇಕು, ಬಟ್ಟೆಯ ಮೇಲೆ ಬಿಳಿ ಮೇಲಂಗಿ ಹಾಕಬೇಕು, ತಲೆಗೆ ಟೋಪಿ, ಕೈಗೆ ಎರಡು ಜೊತೆ ಗ್ಲೌಸು. ಅಕ್ಕನ ಕೋಣೆ ನಮ್ಮ ಬಚ್ಚಲಿಗಿಂತ ಸ್ವಲ್ಪ ದೊಡ್ಡದು, ಎಸಿಯ ಕೊರೆಯುವ ಚಳಿ. ಮಧ್ಯದಲ್ಲಿ ಸೀಸದ ಇಟ್ಟಿಗೆಗಳ ಗೂಡು, ಗೂಡಿನೊಳಗೆ ತಾಮ್ರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮುಷ್ಟಿಯಷ್ಟು ದೊಡ್ಡ ಜರ್ಮೇನಿಯಂ ಹರಳು. ಅದೇ ಅವಳ ಮೆಷಿನ್ನು. ಸೀಸವೂ ಅಂಗಡಿಯಿಂದ ತಂದದ್ದಲ್ಲ. ನೂರಾರು ವರ್ಷ ಸಮುದ್ರದಡಿ ಬಿದ್ದಿದ್ದ ಹಡಗಿನದಂತೆ, ಹೊಸ ಸೀಸದಲ್ಲಿ ಇನ್ನೂ ವಿಕಿರಣ ಆರಿರುವುದಿಲ್ಲವಂತೆ. ಒಂದು ಸ್ಕ್ರೂವನ್ನು ಹರಳಿನ ಪಕ್ಕ ಇಟ್ಟು, ಗೂಡು ಮುಚ್ಚಿ, ಮೂವತ್ತು ನಲವತ್ತು ದಿನ ಕಾಯುವುದು. ಸ್ಕ್ರೂ ಏನಾದರೂ ಉಸುರಿದರೆ ಹರಳು ಕೇಳಿಸಿಕೊಂಡು ಕಂಪ್ಯೂಟರಿನ ಗ್ರಾಫಿನಲ್ಲಿ ಒಂದು ಗೀರು ಎಬ್ಬಿಸುತ್ತದೆ.

"ಏನೂ ಇಲ್ಲದಿದ್ರೆ?" ಎಂದು ಕೇಳಿದೆ.

"ಏನೂ ಇಲ್ಲ ಅಂತ ನಾವು ಯಾವತ್ತೂ ಹೇಳಲ್ಲ ಕಣೋ. ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತೀವಿ."

ಇಂಥವರ ಜೊತೆ ಸಂಸಾರ ಮಾಡುವುದು ಕಷ್ಟ ಎಂದು ಅವತ್ತೇ ಅಂದುಕೊಂಡೆ. ಅದು ಹಾಗೇ ಆಗಿಯೂ ಇತ್ತು. ಅಕ್ಕನ ಬದುಕಿನಲ್ಲಿ ಒಬ್ಬನಿದ್ದ, ಅವಳ ಹಾಗೇ ಪೋಸ್ಟ್‌ಡಾಕ್. ಪೋಸ್ಟ್‌ಡಾಕ್ ಎಂದರೆ ಡಾಕ್ಟರೇಟ್ ಮುಗಿಸಿಯೂ ಕೆಲಸ ಖಾಯಂ ಆಗದೆ, ಎರಡೆರಡು ವರ್ಷದ ಕರಾರಿನ ಕಾಗದದ ಮೇಲೆ ಊರಿಂದೂರಿಗೆ ಪೆಟ್ಟಿಗೆ ಹೊರುವವರು. ಅವನಿಗೆ ಖಾಯಂ ಕೆಲಸ ಸಿಕ್ಕಿತು, ಅಕ್ಕನಿಗೆ ಸಿಗುವಂಥದ್ದೇನೂ ಇಲ್ಲದ ಊರಿನಲ್ಲಿ. ಒಂದು ವರ್ಷ ಫೋನಿನಲ್ಲಿ ಎಳೆದಾಡಿ ಬಿಟ್ಟರು. "ನಮ್ಮಿಬ್ಬರಿಗೂ ಒಂದೇ ಊರಲ್ಲಿ ಕೆಲಸ ಸಿಗೋದು ನ್ಯೂಟ್ರಿನೊ ಸಿಗೋದಕ್ಕಿಂತ ಅಪರೂಪ," ಎಂದು ಅಕ್ಕ ನಗುತ್ತಲೇ ಹೇಳಿದಳು. ಅಮ್ಮ ನಗಲಿಲ್ಲ.

ಚಿಕ್ಕಂದಿನಿಂದಲೂ ಅವಳು ಹೀಗೇ. ಅಪ್ಪ ತೀರಿಕೊಂಡಾಗ ಅವಳಿಗೆ ಹನ್ನೊಂದು, ನನಗೆ ಏಳು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಊರವರಿಗೆಲ್ಲ ಲೈನು ಕೊಟ್ಟು, ಸಂಜೆ ಬಂದು ನಮ್ಮ ಹತ್ತಿರ ಮಾತಾಡಲು ದನಿಯಿಲ್ಲದೆ ನಮ್ಮಿಬ್ಬರ ತಲೆ ಸವರಿ ಮಲಗಿಸುತ್ತಿದ್ದಳು. ಅವಳು ಬರುವ ತನಕ ಅಕ್ಕನೇ ಮನೆಯ ಯಜಮಾನಿ. ನಮ್ಮ ಗೋಡೆ ಗಡಿಯಾರ ವಾರಕ್ಕೆ ಎಷ್ಟು ಸೆಕೆಂಡು ಹಿಂದೆ ಬೀಳುತ್ತದೆ ಎಂದು ರೇಡಿಯೊ ಹಚ್ಚಿ ಹೋಲಿಸಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಸರಿ ಮಾಡಿಬಿಡು ಎಂದರೆ, "ಸರಿ ಮಾಡಿದ್ರೆ ಎಷ್ಟು ತಪ್ಪು ಅಂತ ಹೇಗೆ ಗೊತ್ತಾಗುತ್ತೆ?" ಎನ್ನುತ್ತಿದ್ದಳು. ನಾನು ಸ್ಟೂಲು ಹತ್ತಿ ಮುಳ್ಳು ಸರಿ ಮಾಡಿ ಏಟು ತಿಂದಿದ್ದೇನೆ.

ಇಪ್ಪತ್ತೆಂಟಕ್ಕೆ ಡಾಕ್ಟರೇಟ್ ಆಯಿತು. ಆಮೇಲೆ ಹನ್ನೊಂದು ವರ್ಷದಲ್ಲಿ ನಾಲ್ಕು ಕಡೆ ಪೋಸ್ಟ್‌ಡಾಕ್. ಎರಡು ಪೆಟ್ಟಿಗೆ, ಒಂದು ಕೆಟಲ್ಲು, ಬೇರೆಯವರು ಬಿಟ್ಟುಹೋದ ಮಂಚ. ಮೊದಲೆರಡು ಸಲ ಹೊಸ ಊರೆಂದರೆ ಅವಳಿಗೆ ಹುರುಪಿತ್ತು. ಮೂರನೆಯ ಸಲಕ್ಕೆ ಪೆಟ್ಟಿಗೆ ಪೂರ್ತಿ ಬಿಚ್ಚುವುದನ್ನೇ ಬಿಟ್ಟಳು. ನಾಲ್ಕನೆಯದು ಅದೃಷ್ಟಕ್ಕೆ ನಮ್ಮೂರಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ, ಈ ಗಣಿ. ಇಲ್ಲಿ ಅಳತೆ ಕೋಣೆ ನೋಡಿಕೊಳ್ಳಲು ಒಂದು ಖಾಯಂ ಹುದ್ದೆ ಆಗುವುದಿತ್ತು. ಬೇರೊಂದು ದೇಶದ ಪ್ರಯೋಗಾಲಯದವರೂ ಆ ಜವಾಬ್ದಾರಿಗೆ ಕೈ ಚಾಚಿದ್ದರು. ಅಕ್ಕನ ಗುಂಪಿನ ಮುಖ್ಯಸ್ಥರನ್ನು ಅವಳು ಮನೆಯಲ್ಲಿ ದೊಡ್ಡೋರು ಎಂದೇ ಕರೆಯುತ್ತಿದ್ದಳು. ಅವರು ಕರೆದು ಹೇಳಿದರಂತೆ: "ತೊಟ್ಟಿ ಮುಚ್ಚಳದ ರಬ್ಬರ್ ಉಂಗುರ ಒಂದೇ ಬಾಕಿ. ಅದರ ಅಳತೆ ಮುಗಿಸಿಕೊಡಮ್ಮ, ಉಳಿದದ್ದು ನನಗೆ ಬಿಡು." ಉಂಗುರಕ್ಕೆ ನಲವತ್ತು ದಿನ ಬೇಕು. ಮುಚ್ಚಳ ಹಾಕುವ ದಿನಕ್ಕೆ ಐವತ್ತೆರಡು ದಿನವಿತ್ತು.

ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿಯಲ್ಲಿ ಆಸೆಗಿಂತ ದಣಿವೇ ಜಾಸ್ತಿ ಕೇಳಿಸಿತು. "ಸಿಕ್ಕಿದ್ರೆ ಬಟ್ಟೆ ಇಡೋಕೆ ಒಂದು ಬೀರು ತಗೋತೀನಿ ಕಣೋ," ಎಂದಳು. ಮೂವತ್ತೊಂಬತ್ತು ವರ್ಷದ ಹೆಂಗಸು, ತನಗೊಂದು ಬೀರು ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅದೇ ಹೊತ್ತಿಗೆ ಅಮ್ಮನ ಚಿಕಿತ್ಸೆಯೂ ನಡೆದಿತ್ತು. ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ. ಆಪರೇಷನ್ ಮಾಡಿ ತೆಗೆದಿದ್ದರು, ಉಳಿದ ಬೇರು ಸುಡಲು ವಿಕಿರಣ ಇರುವ ಅಯೋಡಿನ್ ಗುಳಿಗೆ ಕೊಟ್ಟರು. ಮೂರು ದಿನ ಆಸ್ಪತ್ರೆಯ ಬೇರೆ ಕೋಣೆಯಲ್ಲಿಟ್ಟು, ಕೈಗೊಂದು ಹಾಳೆ ಕೊಟ್ಟು ಮನೆಗೆ ಕಳಿಸಿದರು. ಎರಡು ವಾರ ತಟ್ಟೆ ಲೋಟ ಬೇರೆ, ಬಟ್ಟೆ ಬೇರೆ, ಎಲ್ಲರಿಂದ ಎರಡು ಮೀಟರ್ ದೂರ, ಮಕ್ಕಳು ಹತ್ತಿರ ಸುಳಿಯಬಾರದು. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಮನೆಯಲ್ಲಿ ನಾನು, ಅಮ್ಮ, ಆ ಹಾಳೆ.

ಅಮ್ಮನ ಬೆವರಿನಲ್ಲಿ, ಎಂಜಲಿನಲ್ಲಿ ಆ ಅಯೋಡಿನ್ ಇರುತ್ತದೆ, ನಮಗೆ ಅದರಿಂದ ಹೇಳಿಕೊಳ್ಳುವಂಥ ಅಪಾಯವೇನಿಲ್ಲ, ಆದರೆ ತನ್ನ ಮೆಷಿನ್ನಿಗೆ ಅದು ಬೆಂಕಿ ಎಂದು ಅಕ್ಕ ಹೇಳಿದ್ದಳು. ಅವಳ ಕೋಣೆಯ ಬಾಗಿಲಿಗೆ ಅವಳೇ ಬರೆದು ಅಂಟಿಸಿದ ನಿಯಮವಿತ್ತು: ಇಂಥ ಚಿಕಿತ್ಸೆ ಪಡೆದವರು, ಅವರನ್ನು ಮುಟ್ಟಿದವರು, ಅವರ ಬಟ್ಟೆ ಲೋಟ ಬಳಸಿದವರು ಎರಡು ತಿಂಗಳು ಒಳಗೆ ಬರಕೂಡದು. ಹಾಗಾಗಿ ಅವಳು ಊರಿಗೆ ಬರುವುದಿಲ್ಲ ಎಂದಳು. ದಿನಾ ಫೋನ್ ಮಾಡುತ್ತೇನೆ ಎಂದಳು, ಮಾಡಿದಳು ಕೂಡ.

ಮೊದಲ ಮೂರು ದಿನ ಅಮ್ಮ ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ಬಾಗಿಲ ಬಳಿ ನಾನಿಟ್ಟ ತಟ್ಟೆಯನ್ನು ಮುಟ್ಟಲೇ ಇಲ್ಲ. "ಹಸಿವಿಲ್ಲ," ಎಂದಳು. ಗ್ರಂಥಿ ಹೋಗಿ ಮಾತ್ರೆ ಇನ್ನೂ ಶುರುವಾಗದ ಕಾರಣ ಅವಳಿಗೆ ವಿಪರೀತ ಚಳಿ. ಬಿಸಿಲಲ್ಲೂ ಬೂದಿ ಬಣ್ಣದ ಶಾಲು ಹೊದ್ದು ಕಿಟಕಿ ಪಕ್ಕ ಕೂತಿರುತ್ತಿದ್ದಳು. "ನಾನು ಆಪರೇಷನ್‌ಗೆ ಹೋಗೋ ಮುಂಚೆ ಅವಳು ಬಂದಿದ್ದೇ ಕೊನೆ," ಎಂದಳು ಗೋಡೆಗೆ ಹೇಳುವ ಹಾಗೆ. ನನಗೆ ನೆತ್ತಿಗೇರಿತು.

ಅಕ್ಕನಿಗೆ ಫೋನ್ ಹಚ್ಚಿ ಬಾಯಿಗೆ ಬಂದ ಹಾಗೆ ಬೈದೆ. "ನಿನಗೆ ಅಮ್ಮ ಮುಖ್ಯನೋ ಮೆಷಿನ್ ಮುಖ್ಯನೋ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಸೀಸದ ಇಟ್ಟಿಗೆ ತಬ್ಕೊಂಡು ಅಳ್ತೀಯಾ?"

"ಭಾನುವಾರ ಬರ್ತೀನಿ. ದೂರ ಕೂತ್ಕೋತೀನಿ. ದೂರ ಕೂತ್ರೆ ಏನೂ ಅಂಟಲ್ಲ," ಎಂದಳು ಅಕ್ಕ.

ಭಾನುವಾರ ಮಧ್ಯಾಹ್ನ ಬಂದಳು. ಹತ್ತು ದಿನ ಸತತ ಪಾಳಿ ಮುಗಿಸಿ ನೇರ ಬಸ್ಸು ಹತ್ತಿದ್ದಳು, ಕಣ್ಣು ಗುಳಿ ಬಿದ್ದಿದ್ದವು. ನೀರಿನ ಬಾಟಲಿ, ಲೋಟ, ಕುರ್ಚಿಗೆ ಹಾಸಲು ದುಪ್ಪಟಿ, ಎಲ್ಲ ಅಲ್ಲಿಂದಲೇ ತಂದಿದ್ದಳು. ನನ್ನ ಟೇಪು ಇಸಿದುಕೊಂಡು ಅಮ್ಮನ ಕುರ್ಚಿಯಿಂದ ಎರಡು ಮೀಟರ್ ಅಳೆದಳು. ಯಾಕೋ ಏನೋ, ಮತ್ತೊಂದು ಗೇಣು ಹಿಂದೆ ಸರಿಸಿ ತನ್ನ ಕುರ್ಚಿ ಹಾಕಿಕೊಂಡಳು.

"ನಾನೇನು ಹುಲೀನೇನೆ?" ಎಂದು ಅಮ್ಮ ನಕ್ಕಳು. ಒಂದು ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಒಂದು ಗಂಟೆ ಮಾತಾಡಿದರು. ಎಕ್ಸ್‌ಚೇಂಜಿನ ಹಳೇ ಗೆಳತಿಯರ ಸುದ್ದಿ, ಉಂಗುರದ ಸುದ್ದಿ, ಬೀರುವಿನ ಸುದ್ದಿ. ಅಮ್ಮ ಬೀರುವಿಗೆ ಕನ್ನಡಿ ಇರಲೇಬೇಕೆಂದು ಹಟ ಹಿಡಿದಳು. ಮಾತಿನ ನಡುವೆಯೇ ಅಕ್ಕನ ತಲೆ ಕುರ್ಚಿಯ ಹಿಂಬದಿಗೆ ಒರಗಿತು. ನಿದ್ದೆ. ನಾನು ಸದ್ದು ಮಾಡದೆ ಎದ್ದು ಚಹಾಕ್ಕೆ ನೀರಿಡಲು ಹೋದೆ.

ತಿರುಗಿ ಬಂದರೆ ಅಮ್ಮ ಅಕ್ಕನ ಕುರ್ಚಿಯ ಪಕ್ಕ ನಿಂತಿದ್ದಳು. ಬೂದಿ ಶಾಲು ಅಕ್ಕನ ಮೈಮೇಲಿತ್ತು. ಅಮ್ಮನ ಕೈ ಅಕ್ಕನ ಕೂದಲಲ್ಲಿತ್ತು. ನೆತ್ತಿಯಿಂದ ಕುತ್ತಿಗೆಯವರೆಗೆ ನಿಧಾನಕ್ಕೆ ಸವರುವುದು, ಮತ್ತೆ ನೆತ್ತಿಗೆ ಬರುವುದು. ಅಕ್ಕನ ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕವಳಿದ್ದಾಗ ತೆರೆದಿರುತ್ತಿದ್ದ ಹಾಗೆ. ಅಮ್ಮ ನನ್ನನ್ನು ನೋಡಿ ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

ನಾನು ತಡೆಯಬೇಕಿತ್ತು. ತಡೆಯಲಿಲ್ಲ. ನನಗೆ ಆ ನಿಯಮದ ಮೇಲೆ ಮೊದಲೇ ಸಿಟ್ಟಿತ್ತು, ಒಬ್ಬ ತಾಯಿ ಮಗಳ ತಲೆ ಮುಟ್ಟಿದರೆ ಕೆಡುವ ಮೆಷಿನ್ನಿದ್ದರೆ ಅದು ಕೆಡಲಿ ಎಂದೂ ಅನಿಸಿತು. ಅಡುಗೆಮನೆಗೆ ಹೋಗಿ ಚಹಾ ಕುದಿಸಿದೆ, ಅದು ಉಕ್ಕಿತು, ಒಲೆ ಒರೆಸಿ ಮತ್ತೆ ಇಟ್ಟೆ. ಅರ್ಧ ಗಂಟೆಯಾದರೂ ಆಗಿರಬೇಕು, ಇಣುಕಿದಾಗೆಲ್ಲ ಅಮ್ಮ ನಿಂತೇ ಇದ್ದಳು. ಚಹಾ ತೆಗೆದುಕೊಂಡು ಬಂದಾಗ ಅಮ್ಮ ತನ್ನ ಜಾಗದಲ್ಲಿ ಶಾಲು ಹೊದ್ದು ಕೂತಿದ್ದಳು. ಅಕ್ಕ ಬೆಚ್ಚಿ ಎದ್ದು, ಮೊದಲು ನೆಲದ ಮೇಲಿದ್ದ ಟೇಪು ನೋಡಿ, ಆಮೇಲೆ ನಮ್ಮನ್ನು ನೋಡಿದಳು. "ಛೆ, ನಿದ್ದೆ ಬಂದ್ಬಿಡ್ತು. ಎಷ್ಟು ದಿನ ಆಗಿತ್ತೋ ಹಿಂಗೆ ಮಲಗಿ," ಎಂದಳು. ಮುಖದಲ್ಲಿ ಕಳೆ ಬಂದಿತ್ತು.

ಮರುದಿನ ಬೆಳಿಗ್ಗೆ ಅವಳು ಉಂಗುರವನ್ನು ಮೆಷಿನ್ನಿಗೆ ಹಾಕಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಫೋನ್ ಬಂತು. ನಾನು ಒಂದು ಕಚೇರಿ ಕಟ್ಟಡದ ತಾರಸಿಯಲ್ಲಿ, ಲಿಫ್ಟಿನ ಮೋಟರಿಗೆ ಕೈ ಹಾಕಿ ನಿಂತಿದ್ದೆ.

"ಗ್ರಾಫಲ್ಲಿ ಅಯೋಡಿನ್ ಗೀರು ಎದ್ದಿದೆ ಕಣೋ. ಸಣ್ಣದು, ಆದ್ರೆ ಇದೆ," ಎಂದಳು. ದನಿ ಸಮಾಧಾನವಾಗಿಯೇ ಇತ್ತು. "ಎಲ್ಲಿಂದ ಬಂತು ಅಂತ ಹುಡುಕ್ಬೇಕು. ಅವತ್ತು ನಾನು ಮಲಗಿದ್ನಲ್ಲ, ಆಗ ಅಮ್ಮ ನನ್ನ ಹತ್ರ ಬಂದಿದ್ಳಾ? ಏನಾದ್ರೂ ತಾಗಿತ್ತಾ?"

"ಇಲ್ಲ," ಎಂದೆ.

ಯಾಕೆ ಹಾಗೆಂದೆ ಎಂದು ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಮ್ಮ ತುಟಿಗೆ ಒತ್ತಿಕೊಂಡ ಬೆರಳು ಕಣ್ಣಮುಂದೆ ಬಂತು. ನಿಜ ಹೇಳಿದರೆ ಅಕ್ಕ ಅಮ್ಮನ ಮೇಲೆ ರೇಗುತ್ತಾಳೆ, ಅಮ್ಮ ಮತ್ತೆ ಊಟ ಬಿಡುತ್ತಾಳೆ, ನಡುವೆ ನಾನು ಸಾಯಬೇಕು ಎಂದು ಲೆಕ್ಕ ಹಾಕಿದೆ. ಅಲ್ಲದೆ ಒಂದು ಗೀರು ತಾನೇ, ಒರೆಸಿದರೆ ಹೋಗುತ್ತದೆ ಅಂದುಕೊಂಡೆ. ಲಿಫ್ಟಿನಲ್ಲಿ ಸದ್ದು ಬರುತ್ತಿದ್ದರೂ ಬರುತ್ತಿಲ್ಲ ಎಂದು ಸುಳ್ಳು ಹೇಳುವ ವಾಚ್‌ಮನ್‌ಗಳಿಗೆ ನಾನೆಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಆ ಒಂದು ಸುಳ್ಳಿನಿಂದ ಮೂರು ದಿನ ತಪ್ಪು ಜಾಗದಲ್ಲಿ ಹುಡುಕಿದ್ದೇನೆ. ಆದರೂ ಅದೇ ಸುಳ್ಳು ನನ್ನ ಬಾಯಿಂದಲೇ ಬಂತು.

"ನೀನು ನೋಡ್ತಾ ಇದ್ಯಾ?" ಎಂದಳು ಅಕ್ಕ.

"ಅಲ್ಲೇ ಇದ್ದೆ."

"ಸರಿ ಹಾಗಾದ್ರೆ. ಮನೆ ಕಡೆಯಿಂದ ಅಲ್ಲ." ನಿರಾಳವಾದವಳ ಹಾಗೆ ಉಸಿರು ಬಿಟ್ಟಳು. ನಾನು ಫೋನ್ ಜೇಬಿಗೆ ಹಾಕಿ ಮೋಟರಿನ ಬೋಲ್ಟು ಬಿಗಿಮಾಡಿದೆ.

ಆಮೇಲೆ ಅವಳು ಮಾಡಿದ ಕೆಲಸವನ್ನು ನಾನು ತುಂಡುತುಂಡಾಗಿ ಕೇಳಿದೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕೊಳಕು ಕೋಣೆಯೊಳಗಿದ್ದರೆ ಅಲ್ಲಿಯ ಯಾವ ಅಳತೆಯನ್ನೂ ನಂಬುವ ಹಾಗಿಲ್ಲ. ಹಾಗಾಗಿ ಅವಳ ಉಂಗುರ ಮಾತ್ರವಲ್ಲ, ಸರದಿಗೆ ಕಾದಿದ್ದ ಉಳಿದವರ ಅಳತೆಗಳೂ ನಿಂತವು. ಅವರೆಲ್ಲ ಊಟದ ಮನೆಯಲ್ಲಿ ಅವಳನ್ನು ಕಂಡರೆ ಮುಖ ಗಂಟು ಹಾಕತೊಡಗಿದರು. ಅಕ್ಕ ನೀರು ತೂಗಿ ಅಳೆದಳು, ಗಾಳಿ ಅಳೆದಳು, ಗ್ಲೌಸು ಬಂದ ಡಬ್ಬ ಅಳೆದಳು. ಗಣಿಗೆ ನೀರು ಬರುವ ಹೊಳೆಗೆ ಯಾವುದಾದರೂ ಆಸ್ಪತ್ರೆಯ ಚರಂಡಿ ಸೇರುತ್ತದೆಯೇ ಎಂದು ನಕ್ಷೆ ಹಿಡಿದು ದಡದ ಮೇಲೆ ನಡೆದಳು. ಸೀಸದ ಇಟ್ಟಿಗೆ ಒಂದೊಂದನ್ನೂ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಜೋಡಿಸಿದಳು. ಒಂದೊಂದು ಇಟ್ಟಿಗೆ ಹನ್ನೊಂದು ಕಿಲೋ, ಇನ್ನೂರಕ್ಕೂ ಹೆಚ್ಚು ಇಟ್ಟಿಗೆ. ಸೊಂಟ ಹಿಡಿದುಕೊಂಡಿತು. ಗೀರು ಹೋಗಲಿಲ್ಲ.

ಫೋನಿನಲ್ಲಿ ಅವಳ ಮಾತು ಗಿಡ್ಡವಾಗುತ್ತ ಬಂತು. "ಸಿಕ್ತಾ?" ಎಂದರೆ, "ಇನ್ನೂ ಇಲ್ಲ." ಅಮ್ಮನ ಬಗ್ಗೆ ಕೇಳಿ ಇಟ್ಟುಬಿಡುವಳು. ಹೇಳಿಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ಒಂದು ದಿನ ತಡವಾಗುತ್ತಿತ್ತು, ತಡವಾದಷ್ಟೂ ಹೇಳುವುದು ಕಷ್ಟವಾಗುತ್ತಿತ್ತು.

ಮೂರು ವಾರ ಕಳೆದ ಮೇಲೆ ತಡೆಯಲಾರದೆ ಒಂದು ಬೆಳಿಗ್ಗೆ ಬಸ್ಸು ಹತ್ತಿದೆ. ಗಣಿಯ ಕ್ವಾರ್ಟರ್ಸಿನಲ್ಲಿ ಅವಳದೊಂದು ಕೋಣೆ. ಪೆಟ್ಟಿಗೆಗಳು ಗೋಡೆ ಬದಿಗೆ ಬಾಯಿ ತೆರೆದುಕೊಂಡು ಬಿದ್ದಿದ್ದವು, ಅವುಗಳೇ ಅವಳ ಬೀರು. ಸಿಂಕಿನಲ್ಲಿ ಒಂದೇ ತಟ್ಟೆ. ಅಕ್ಕ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಗಾಬರಿಯಾದಳು.

"ಅಮ್ಮಂಗೆ ಏನಾದ್ರೂ..."

"ಅಮ್ಮ ಚೆನ್ನಾಗಿದ್ದಾಳೆ. ಸುಮ್ನೆ ಬಂದೆ."

"ನಾಳೆ ಮೀಟಿಂಗು," ಎಂದಳು. "ಮೂಲ ಸಿಗ್ಲಿಲ್ಲ ಅಂದ್ರೆ ಉಂಗುರ ಆಚೆ ದೇಶದ ಪ್ರಯೋಗಾಲಯಕ್ಕೆ ಹೋಗುತ್ತೆ, ಅವರ ದೊಡ್ಡ ಮೆಷಿನ್ನಿಗೆ ಹತ್ತು ದಿನ ಸಾಕಂತೆ. ಕೋಣೇನೂ ಅವರ ಕೈಗೇ ಹೋಗುತ್ತೆ. ಎಲ್ಲಾ ನೋಡ್ಬಿಟ್ಟೆ ಕಣೋ, ಇನ್ನೇನು ನೋಡೋದು ಅಂತ ಗೊತ್ತಾಗ್ತಿಲ್ಲ."

ಮಂಚದ ಎದುರಿನ ಗೋಡೆಗೆ ಉದ್ದನೆಯ ಕಾಗದ ಅಂಟಿಸಿದ್ದಳು. ಅಯೋಡಿನ್ ಎಲ್ಲಿಂದ ಬಂದಿರಬಹುದು ಎಂಬ ಪಟ್ಟಿ. ನೀರು, ಗಾಳಿ, ಗ್ಲೌಸು, ಸ್ಪಿರಿಟ್ಟು, ಹರಳನ್ನು ತಣ್ಣಗಿಡುವ ಸಾರಜನಕದ ಡ್ರಮ್ಮು, ಒಟ್ಟು ಮೂವತ್ತೊಂದು ಸಾಲು. ಪ್ರತಿ ಸಾಲಿನ ಮುಂದೆಯೂ ಅಳತೆಯ ಅಂಕಿ, ತಾರೀಖು, ಆಮೇಲೆ ಹೊಡೆದ ಗೆರೆ. ಮೊಟ್ಟಮೊದಲ ಸಾಲು, ಅಮ್ಮ. ಅದರ ಮೇಲೂ ಗೆರೆ. ಆ ಒಂದು ಸಾಲಿನ ಮುಂದೆ ಮಾತ್ರ ಅಂಕಿ ಇರಲಿಲ್ಲ. "ತಮ್ಮ ನೋಡಿದ್ದಾನೆ" ಎಂದು ಬರೆದಿತ್ತು.

ನೆಲದ ಮೇಲೆ ಕೂತೆ.

"ನೋಡಿದ್ದೆ ಅಕ್ಕ," ಎಂದೆ. "ಅಮ್ಮ ಬಂದಿದ್ಳು. ನೀನು ಮಲಗಿದ್ದಾಗ ಶಾಲು ಹೊದಿಸಿ ತಲೆ ಸವರಿದ್ಳು. ನಾನು ಸುಳ್ಳು ಹೇಳ್ದೆ."

ಹೊರಗೆ ಯಾರೋ ಗಾಡಿ ಸ್ಟಾರ್ಟ್ ಮಾಡಲು ಹೋಗಿ ಹೋಗಿ ಸೋತು ಬೈದುಕೊಂಡರು. ಅಕ್ಕ ಕೇಳಿದಳು, "ಎಷ್ಟು ಹೊತ್ತು?"

"ಅರ್ಧ ಗಂಟೆ ಇರ್ಬೇಕು."

"ಅರ್ಧ ಗಂಟೆ ನಿಂತೇ ಇದ್ಳಾ? ಆಗ ಅವಳಿಗೆ ಬಚ್ಚಲಿಗೆ ಹೋಗೋಕೂ ಗೋಡೆ ಹಿಡ್ಕೋಬೇಕಿತ್ತು."

"ನಿಂತೇ ಇದ್ಳು."

ಅಕ್ಕ ಪೆನ್ಸಿಲು ಎತ್ತಿಕೊಂಡಳು, ಏನೂ ಬರೆಯಲಿಲ್ಲ. ಬಿಳಿ ಮೇಲಂಗಿಯ ಒಳಗೆ ಹಾಕುತ್ತಿದ್ದ, ಆ ಭಾನುವಾರವೂ ತೊಟ್ಟು ಬಂದಿದ್ದ ಸ್ವೆಟರನ್ನು ಪೆಟ್ಟಿಗೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಆ ಮೊದಲ ಸಾಲಿಗೆ ಗೆರೆ ಹೊಡೆದ ಮೇಲೆ ಅವಳ ಸ್ವಂತ ಬಟ್ಟೆಯನ್ನು ಅಳೆಯುವ ಮಾತೇ ಬಂದಿರಲಿಲ್ಲ. ಸ್ವೆಟರಿಗೆ ಮುಖ ಒತ್ತಿ ಅತ್ತಳು. ಅವಳು ಅತ್ತದ್ದನ್ನು ನಾನು ಅಪ್ಪ ಹೋದಾಗ ನೋಡಿದ್ದೆ, ಆಮೇಲೆ ಇದೇ.

"ನಾನು ಎಲ್ಲದರ ಮೇಲೂ ಸಂಶಯ ಪಟ್ಟೆ ಕಣೋ," ಎಂದಳು ಕೊನೆಗೆ. "ನೀರಿನ ಮೇಲೆ, ಗಾಳಿ ಮೇಲೆ, ಪಾಪ ಆ ಗ್ಲೌಸ್ ಕೊಡೋನ ಮೇಲೆ. ನಿನ್ನ ಮೇಲೆ ಮಾತ್ರ ಪಡ್ಲಿಲ್ಲ."

ಅವಳು ನನಗೆ ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು. ಬೈಯಲೂ ಇಲ್ಲ. ಒಂಬತ್ತನೆಯ ದಿನವೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಸುಳ್ಳು ಹೇಳಿ ಗೊತ್ತಿಲ್ಲದವಳು, ಹೇಳಿಬಿಟ್ಟಳು. ಉಂಗುರ ತೆಗೆದು ತೊಳೆದು, ಬೇರೆಯವರ ಕೈಯಿಂದ ಒಳಗೆ ಹಾಕಿಸಿದ್ದರೆ ಸಾಕಿತ್ತಂತೆ. ಮುಚ್ಚಳದ ದಿನಕ್ಕೆ ಒಂದೆರಡು ದಿನ ಕಮ್ಮಿ ಬೀಳುತ್ತಿತ್ತು, ಅಷ್ಟನ್ನು ದೊಡ್ಡೋರು ಸುಧಾರಿಸುತ್ತಿದ್ದರು. ಈಗ ಮೂರು ವಾರ ಹೋಗಿತ್ತು, ಮೂಲ ಸಿಕ್ಕರೂ ನಲವತ್ತು ದಿನ ಉಳಿದಿರಲಿಲ್ಲ.

ಮರುದಿನ ಸ್ವೆಟರನ್ನು ಹತ್ತಿರದ ಬೇರೊಂದು ಪ್ರಯೋಗಾಲಯದ ಮೆಷಿನ್ನಿನಲ್ಲಿ ಅಳೆಸಿದರು. ಕುತ್ತಿಗೆ ಮತ್ತು ಎಡ ಭುಜದ ಮೇಲೆ ಅಯೋಡಿನ್ ಇತ್ತು. ಅಕ್ಕ ವರದಿಯಲ್ಲಿ 'ಮೂಲ' ಎಂಬಲ್ಲಿ 'ಮನೆಯವರೊಬ್ಬರ ಚಿಕಿತ್ಸೆ' ಎಂದು ಬರೆದಳು. 'ಲೋಪ' ಎಂಬಲ್ಲಿ 'ನಾನು ಅಲ್ಲಿ ನಿದ್ದೆ ಮಾಡಿದ್ದು' ಎಂದು ಬರೆದಳು. ನನ್ನ ವಿಷಯ ಎಲ್ಲಿಯೂ ಬರಲಿಲ್ಲ. ದೊಡ್ಡೋರು ಒಳ್ಳೆಯವರು, ಅವರ ಕಣ್ಣೂ ತುಂಬಿತಂತೆ. ಆದರೆ ತೊಟ್ಟಿಯ ದಿನ ಅವರ ಕೈಯಲ್ಲಿರಲಿಲ್ಲ. ಉಂಗುರ ಹೋಯಿತು, ಅದರ ಹಿಂದೆ ಕೋಣೆ ಹೋಯಿತು, ಹುದ್ದೆಯೂ ಹೋಯಿತು. ಅಕ್ಕನ ಕಾಗದದ ಅವಧಿ ಇನ್ನೆರಡು ತಿಂಗಳು ಉಳಿದಿತ್ತು. ಬಂದವರಿಗೆ ಕೆಲಸ ಕಲಿಸಿಕೊಟ್ಟು ಆ ಎರಡು ತಿಂಗಳನ್ನು ಮುಗಿಸಿದಳು.

ಪೆಟ್ಟಿಗೆಗಳನ್ನು ತರಲು ನಾನೇ ಹೋಗಿದ್ದೆ. ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದಳು: "ಅಮ್ಮಂಗೆ ಗೊತ್ತಾಗಬಾರ್ದು. ಪ್ರಾಜೆಕ್ಟ್ ಮುಗೀತು ಅಷ್ಟೇ."

ಅಮ್ಮನ ಸ್ಕ್ಯಾನು ಅಷ್ಟರಲ್ಲಿ ಚೆನ್ನಾಗಿ ಬಂದಿತ್ತು. ಮಾತ್ರೆ ಶುರುವಾಗಿ ಮೈಗೆ ಬಿಸಿ ಬಂದಿತ್ತು, ಶಾಲು ಬಿಟ್ಟಿದ್ದಳು. ನಮ್ಮನ್ನು ಬಾಗಿಲಲ್ಲೇ ಎದುರುಗೊಂಡವಳು ಅಕ್ಕನ ಕಡೆ ಕೈ ಚಾಚಿ, ತಟ್ಟನೆ ನೆನಪಾದವಳ ಹಾಗೆ ಹಿಂದಕ್ಕೆಳೆದುಕೊಂಡಳು.

"ಈಗ ಮುಟ್ಟಬಹುದೇನೆ?"

"ಮುಟ್ಟಮ್ಮ," ಎಂದಳು ಅಕ್ಕ.

ಒಳಗೆ ಬಂದು ಇಬ್ಬರೂ ಒಂದೇ ಸೋಫಾದಲ್ಲಿ ಕೂತರು. ನಾನು ಪೆಟ್ಟಿಗೆಗಳನ್ನು ಮೂಲೆಗೆ ಇಡುವ ನೆಪದಲ್ಲಿ ಅಲ್ಲೇ ಸುಳಿಯುತ್ತಿದ್ದೆ. ಅಮ್ಮ ಮುಂದೇನು ಎಂದು ಕೇಳಿದಳು. ನೋಡಬೇಕು, ಕಾಲೇಜಿನಲ್ಲಿ ಪಾಠ ಹೇಳುವುದು ಏನಾದರೂ ಸಿಗಬಹುದು ಎಂದಳು ಅಕ್ಕ. ಅದೇ ಒಳ್ಳೇದು ಬಿಡು, ಬಿಸಿಲಲ್ಲಿ ಓಡಾಡ್ಕೊಂಡು ಇರಬಹುದು ಎಂದಳು ಅಮ್ಮ. ಆಮೇಲೆ ದನಿ ತಗ್ಗಿಸಿದಳು.

"ಒಂದ್ಮಾತು ಹೇಳ್ತೀನಿ, ಬೈಬಾರ್ದು. ಅವತ್ತು ನೀನು ದೂರ ಕೂತು ಮಲಗಿದ್ಯಲ್ಲ, ಆಗ ನಾನು ಎದ್ದು ಬಂದು ನಿನ್ನ ತಲೆ ಸವರಿಬಿಟ್ಟೆ ಕಣೆ. ತಡೆಯೋಕಾಗ್ಲಿಲ್ಲ. ಆಮೇಲೆ ದಿನಾ ಭಯ ಆಗ್ತಿತ್ತು. ನಿನ್ನ ಮೆಷಿನ್ನಿಗೆ ಅದೇನೂ ಗೊತ್ತಾಗ್ಲಿಲ್ಲ ತಾನೆ?"

ನಾನು ಕೈಯಲ್ಲಿದ್ದ ಪೆಟ್ಟಿಗೆಯನ್ನು ನೆಲಕ್ಕಿಟ್ಟೆ. ಅಕ್ಕ ನನ್ನ ಕಡೆ ನೋಡಲಿಲ್ಲ.

"ಇಲ್ಲಮ್ಮ," ಎಂದಳು. "ಅದಕ್ಕೆ ಅಷ್ಟೆಲ್ಲ ಗೊತ್ತಾಗಲ್ಲ."

ಅಮ್ಮ ಅವಳ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡು ಸವರತೊಡಗಿದಳು.